ಮರ್ದನ ವಿಚಾರ

ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತವನ್ನು ಬೋಧಿಸಿ ನಿವೃತ್ತನಾದ ನಾನು ರಸಾಯನಶಾಸ್ತ್ರದ ಮಾತನ್ನೆತ್ತಿದರೆ ವಾಚಕರಿಗೆ ನಗೆ ಬರಬಹುದು. ಆದರೆ ಒಬ್ಬ ವಿದ್ಯಾರ್ಥಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳಲು ಈ ಶಾಸ್ತ್ರವನ್ನೇ ಆಶ್ರಯಿಸಬೇಕಾಗಿದೆ.

ನನ್ನ ಸೋದರಮಾವಂದಿರು ವೈದ್ಯರು. ಬಾಲ್ಯದಲ್ಲಿ ಒಂದು ಬೇಸಗೆಯ ರಜೆಗೆ ಅವರ ಮನೆಗೆ ಹೋಗಿದ್ದಾಗ, ಕಜ್ಜಳಿಯನ್ನು ಅರೆಯುವ ಕೆಲಸವು ನನ್ನ ಪಾಲಿಗೆ ಬಂದಿತು. ಕಲ್ಲಿನ ಖಲ್ವದಲ್ಲಿ ಶುದ್ಧಿಮಾಡಿದ ಪಾದರಸ, ಅದಕ್ಕೆ ಸಮತೂಕದ ಗಂಧಕ, ಬೆಂಕಿಯಿಲ್ಲ, ನೀರಿಲ್ಲ, ಅರೆಯುವುದೊಂದೇ ಕೆಲಸ. ಬೆಳ್ಳಗೆ ಹೊಳೆಯುವ ದ್ರವವೂ ಹಳದಿಯ ಪುಡಿಯೂ ಸೇರಿ ಮೊದಲು ಬೂದುಬಣ್ಣಕ್ಕೂ ಬಳಿಕ ಕಾಡಿಗೆಯಂತಹ ಕಪ್ಪಿಗೂ ತಿರುಗಿದುವು. ಎರಡನೆಯ ದಿನದ ಸಂಜೆಗೆ ತೋಳು ಸೋತು, “ಆಯಿತು, ಮಾವ” ಎಂದೆನು. ಅವರು ಮಾತನಾಡದೆ ಒಂದು ಚಿಟಿಕೆಯನ್ನು ಬೆರಳುಗಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿದರು. ಸಾಸಿವೆಯ ಸಾವಿರದೊಂದು ಪಾಲಿನಷ್ಟು ಮಿನುಗು ಕಂಡಿತು. “ಇನ್ನೂ ನಿಶ್ಚಂದ್ರವಾಗಿಲ್ಲವಪ್ಪ. ಇದು ಯಾರದೋ ಹೊಟ್ಟೆಗೆ ಹೋಗತಕ್ಕ ವಸ್ತು” ಎಂದರು. ನಾಚಿಕೆಯಿಂದ ಮತ್ತೆ ಗುಂಡನ್ನು ಹಿಡಿದೆನು.

ಇದಾದ ಬಹುಕಾಲದ ಮೇಲೆ, ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದಾಗ ಅವರ ತರಗತಿಯು ನನ್ನ ಪಾಲಿಗೆ ಬಂದಿತು. ಪುಸ್ತಕವನ್ನು ನೋಡಿ, “ಒಡೆಯುವುದು, ಅರೆಯುವುದು ಇವೆಲ್ಲ ಕೇವಲ ಭೌತಿಕ ಬದಲಾವಣೆಗಳು, ವಸ್ತುವಿನ ಸ್ವರೂಪವು ಇವುಗಳಿಂದ ಮಾರ್ಪಡದು” ಎಂದು ಹೇಳಿದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ನಮ್ಮ ತಾತ ಪಾದರಸವನ್ನೂ ಗಂಧಕವನ್ನೂ ಅರೆದರೆ ಕರ್ರಗಾಗುತ್ತದಲ್ಲಾ, ಮೇಷ್ಟ್ರೇ?” ಎಂದನು. ನಾನು, “ಅದು ಬರಿಯ ಮಿಶ್ರಣ, ಕುಳಿತುಕೋ” ಎಂದೆನು. ಹುಡುಗನು ಕುಳಿತನು. ನನ್ನ ಕೈಯೇ ಕಂಡಿದ್ದುದನ್ನು ನನ್ನ ನಾಲಗೆಯು ಅಲ್ಲಗಳೆಯಿತು.

ನಿವೃತ್ತನಾದ ಮೇಲೆ, ರಸಾಯನಶಾಸ್ತ್ರದ ಅಧ್ಯಾಪಿಕೆಯಾದ ನನ್ನ ಮಗಳು ತಂದ ಪುಸ್ತಕಗಳಿಂದ ಸತ್ಯಾಂಶವು ತಿಳಿಯಿತು. ಕಜ್ಜಳಿಯು ಬರಿಯ ಮಿಶ್ರಣವಲ್ಲ. ಪಾದರಸದ ಸಲ್ಫೈಡೆಂಬ ಹೊಸ ವಸ್ತುವು ಅದರಲ್ಲಿ ಹುಟ್ಟಿರುತ್ತದೆ. 200 ತೂಕ ಪಾದರಸಕ್ಕೆ ಸುಮಾರು 32 ತೂಕ ಗಂಧಕವು ಸಾಕಾದುದರಿಂದ, ಸಮತೂಕದ ಕಜ್ಜಳಿಯಲ್ಲಿ ಮಿಕ್ಕ ಗಂಧಕವು ಹಾಗೆಯೇ ಉಳಿಯುವುದು. ಎರಡು ವಸ್ತುಗಳು ತಗಲಿದೆಡೆಯಲ್ಲಿ ಮಾತ್ರ ಸಂಯೋಗವಾಗುತ್ತದೆ. ಹಾಗೆ ಹುಟ್ಟಿದ ಸಲ್ಫೈಡು ತೆಳುವಾದ ಪೊರೆಯಂತೆ ಅವೆರಡರ ನಡುವೆ ಅಡ್ಡ ನಿಲ್ಲುತ್ತದೆ. ಅರೆತವು ಆ ಪೊರೆಯನ್ನು ಹರಿದು ಹೊಸ ಮೈಗೆ ಹೊಸ ಮೈಯನ್ನು ತಾಗಿಸುತ್ತದೆ. ಮಾವಂದಿರು ದಿನಗಟ್ಟಲೆ ಅರೆಯಿಸಿದುದರ ಮರ್ಮವು ಇದೇ.

ಇದು ನಮ್ಮ ದೇಶದವರೊಬ್ಬರ ಅರಿವಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಗ್ರೀಕರ ಥಿಯೋಫ್ರಾಸ್ಟಸನು, ಇಂಗಳೀಕವನ್ನು ತಾಮ್ರದ ಪಾತ್ರೆಯಲ್ಲಿ ಹುಳಿಕಾಡಿಯೊಡನೆ ತಾಮ್ರದ ಗುಂಡಿನಿಂದ ಅರೆದು ಪಾದರಸವನ್ನು ಪಡೆಯುವುದನ್ನು ಬರೆದಿಟ್ಟಿರುವನು. 1820ರಲ್ಲಿ ಮೈಕೇಲ್ ಫ್ಯಾರಡೆಯು ಬೆಳ್ಳಿಯ ಕ್ಲೋರೈಡನ್ನು ಸತುವಿನೊಡನೆ ಅರೆದು ಬೆಳ್ಳಿಯನ್ನು ಬಿಡಿಸಿದನು. ಆದರೂ ಒಂದು ಸಂದೇಹವು ಉಳಿದಿತ್ತು: ಇದು ಅರೆತದ ಫಲವೋ, ಅರೆಯುವಾಗ ಹುಟ್ಟುವ ಕಾವಿನ ಫಲವೋ? 1890ರ ದಶಕದಲ್ಲಿ ಅಮೆರಿಕದ ಕೇರಿ ಲೀ ಎಂಬಾತನು ಇದನ್ನು ಪರಿಹರಿಸಿದನು. ಬೆಳ್ಳಿಯ ಕ್ಲೋರೈಡನ್ನು ಕಾಯಿಸಿದರೆ ಅದು ಒಡೆಯದೆ ಕರಗುವುದಷ್ಟೆ. ಖಲ್ವದಲ್ಲಿ ಬಲವಾಗಿ ಅರೆದರೆ ಕಪ್ಪಾಗಿ ಒಡೆಯತೊಡಗುವುದು. ಬೆಂಕಿಯಿಂದಾಗದುದು ಕೈಯ ಬಲದಿಂದಾಯಿತು!

ಈಗ ಖಲ್ವದ ಸ್ಥಾನದಲ್ಲಿ ಉಕ್ಕಿನ ಗುಂಡುಗಳು ಒಳಗೆ ಹೊರಳಾಡುವ ಗಿರಣಿಗಳಿವೆ. ಕರಗಿಸುವ ದ್ರವಗಳು ಅತಿ ಕಡಿಮೆ ಬೇಕಾಗುವುದರಿಂದ ಕೊಳೆನೀರೂ ಕಡಿಮೆ. 2019ರಲ್ಲಿ ಅಂತರರಾಷ್ಟ್ರೀಯ ಶುದ್ಧ ಮತ್ತು ಅನ್ವಿತ ರಸಾಯನಶಾಸ್ತ್ರ ಒಕ್ಕೂಟವು, ಜಗತ್ತನ್ನು ಮಾರ್ಪಡಿಸಬಲ್ಲ ಹತ್ತು ಹೊಸ ರಾಸಾಯನಿಕ ವಿಧಾನಗಳಲ್ಲಿ ಈ ಮರ್ದನ ರಸಾಯನವನ್ನೂ ಎಣಿಸಿತು.

ಇಷ್ಟರಿಂದ ನಮ್ಮ ಹಿರಿಯರು ಸರ್ವವನ್ನೂ ಬಲ್ಲವರಾಗಿದ್ದರೆಂದು ನಾನು ಸಾಧಿಸುತ್ತಿಲ್ಲ. ಅವರು ಕ್ರಿಯೆಯನ್ನು ಬಲ್ಲರು, ಕಾರಣವನ್ನು ಬಲ್ಲವರಲ್ಲ. ಪಾದರಸದ ಆವಿಯು ನರಗಳಿಗೂ ಮೂತ್ರಪಿಂಡಗಳಿಗೂ ಕೇಡೆಂಬುದನ್ನರಿಯದೆ, ಮುಚ್ಚಿದ ಕೋಣೆಯಲ್ಲಿ ನನ್ನಂತಹ ಬಾಲಕನನ್ನು ಕೂಡಿಸಿದ್ದರು. ಯಾರೂ ಇದನ್ನು ಮನೆಯಲ್ಲಿ ಪರೀಕ್ಷಿಸಲಾಗದು. ನನಗೆ ಉಳಿದಿರುವ ನೋವು ಬೇರೆಯದು. ಪುಸ್ತಕದ ಮಾತಿಗೆ ವಿರುದ್ಧವಾಗಿ ಒಂದು ಮಗು ತಾನು ಕಣ್ಣಾರೆ ಕಂಡುದನ್ನು ಹೇಳಿದಾಗ, ಇನ್ನಷ್ಟು ಅರೆದು ನೋಡುವ ಬದಲು, ಎರಡನೆಯ ದಿನದ ಸಂಜೆಯಲ್ಲಿ ಹೇಳಿದಂತೆಯೇ, “ಆಯಿತು” ಎಂದುಬಿಟ್ಟೆನು. ಆ ಹುಡುಗನು ಈಗ ಗೃಹಸ್ಥನಾಗಿರಬೇಕು; ಎಲ್ಲಿರುವನೋ ಅರಿಯೆ. ಈ ಸಂಚಿಕೆಯು ಅವನ ಕೈ ಸೇರಿದರೆ ತಿಳಿಯಲಿ: ಅಪ್ಪಾ, ಅಂದು ನೀನು ಹೇಳಿದುದೇ ಸರಿ; ಕುಳಿತುಕೊಳ್ಳಬೇಕಾಗಿದ್ದವನು ನಾನು.