ಐದನೇ ಸಾಲು

ಇಡಗುಂದಿಯ ನಮ್ಮ ಮನೆಯೊಳಗೆ ಯಾರೂ ಯಾರಿಗೂ ‘ಧನ್ಯವಾದ’ ಹೇಳಿದ್ದನ್ನು ನಾನು ಕೇಳಿಲ್ಲ. ಆ ಶಬ್ದ ಏನಿದ್ದರೂ ಸಭೆಗೆ, ಮೈಕಿಗೆ. ಪಕ್ಕದ ಮನೆಯವರು ಬಂದು ರಾತ್ರಿ ಹತ್ತರವರೆಗೆ ಅಡಕೆ ಸುಲಿದು ಕೊಟ್ಟರೆ ‘ಉಂಡ್ಕಂಡೇ ಹೋಗಿ’ ಎನ್ನುತ್ತೇವೆ. ಅಷ್ಟಕ್ಕೇ ಅವರಿಗೂ ಅರ್ಥವಾಗುತ್ತದೆ, ನಮಗೂ ಸಮಾಧಾನವಾಗುತ್ತದೆ. ಹಾಗಾಗಿ ಮೊಮ್ಮಗಳು ಪುಟ್ಟಿ ತನ್ನ ಹೋಂವರ್ಕ್ ತೋರಿಸಿದಾಗ ನನಗೆ ನಗು ಬಂತು.

ಅದು 2021ರ ಜುಲೈ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಮಗಳು, ಅಳಿಯ ಬೆಂಗಳೂರಿನಲ್ಲಿ. ನಾಲ್ಕನೇ ತರಗತಿಯ ಪುಟ್ಟಿ ನಮ್ಮ ಜೊತೆ. ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಮನೆ ಹಿಂದಿನ ಸೊಪ್ಪಿನ ಬೆಟ್ಟದ ಮೇಲೆ ಮಾತ್ರ, ಅದೂ ಒಂದು ಮತ್ತಿ ಮರದ ಬುಡದಲ್ಲಿ. ಅವಳು ಮಣೆ ಹಾಕಿಕೊಂಡು ಕೂರುವುದು, ಅವಳ ಅಜ್ಜ ಕೊಡೆ ಹಿಡಿದು ಹಿಂದೆ ನಿಲ್ಲುವುದು. ನಡುನಡುವೆ ಕಾಲಿಗೆ ಹತ್ತಿದ ಉಂಬಳ ಕೀಳುವುದು. ಹೀಗೆ ನಡೆಯುತ್ತಿತ್ತು ಆನ್‌ಲೈನ್ ಶಾಲೆ. ನನ್ನ ಯಜಮಾನರು ಆ ವರ್ಷ ನಾಲ್ಕನೇ ತರಗತಿಯ ಪರಿಸರ ಅಧ್ಯಯನವನ್ನು ಪೂರ್ತಿ ಕಲಿತರು ಅಂತ ಕಾಣುತ್ತದೆ.

ಟೀಚರ್ ಹೇಳಿದ್ದು ಇಷ್ಟು: ನಿಮ್ಮ ಬದುಕಿನಲ್ಲಿ ಉಪಕಾರ ನೆನೆಯಬೇಕಾದ ಐದು ಸಂಗತಿ ಬರೆಯಿರಿ. ಐದನೆಯದು ಮಾತ್ರ ನಿಮ್ಮ ಬಗ್ಗೆಯೇ ಇರಬೇಕು.

ಪುಟ್ಟಿ ನಾಲ್ಕನ್ನು ಗಳಿಗೆಯಲ್ಲಿ ಬರೆದಳು. ಆಯಿ-ಅಪ್ಪ, ಕೊಟ್ಟಿಗೆಯ ಕರು, ಹಲಸಿನ ಹಪ್ಪಳ, ಅಜ್ಜನ ಕೊಡೆ. ಐದನೆಯದು ಖಾಲಿ. “ಅಮ್ಮಮ್ಮಾ, ನಿಂದು ಹೇಳು ನೋಡನ” ಎಂದಳು. ನಾನೂ ಮನೆ, ಮಕ್ಕಳು, ದನ, ಮಳೆ ಎಂದು ನಾಲ್ಕು ಹೇಳಿ ನಿಂತೆ. ಬೆಳಿಗ್ಗೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವಲ್ಲಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಮಾಡಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಬರೆಯುವಂಥದ್ದು ಎಂದು ಒಂದೂ ಕಾಣಲಿಲ್ಲ. “ನಂದೆಂತ ಇದ್ದೇ ಕೂಸೇ” ಎಂದು ಒಳಗೆ ಹೋದೆ. ನಿಜ ಹೇಳಬೇಕೆಂದರೆ, ಆವತ್ತು ಸ್ವಲ್ಪ ಬೇಸರವೂ ಆಯಿತು.

ಆಮೇಲೆ ಆ ಮಳೆ ಬಂತು. ಜುಲೈ 22, 23ರ ಆ ಮಳೆಯನ್ನು ಯಲ್ಲಾಪುರ ತಾಲೂಕಿನವರು ಮರೆಯುವುದಿಲ್ಲ. ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಅಂಕೋಲಾ ರಸ್ತೆ ಬಂದಾಯಿತು. ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಹೊಳೆ ಕೊಚ್ಚಿಕೊಂಡು ಹೋಯಿತು. ನಮ್ಮ ಮನೆಗೆ ಕರೆಂಟೂ ಇಲ್ಲ, ಬೆಟ್ಟ ಹತ್ತಿದರೂ ನೆಟ್‌ವರ್ಕಿಲ್ಲ. ತೋಟದಲ್ಲಿ ನಾಲ್ಕು ಮರ ಬಿದ್ದವು, ಧರೆ ಸ್ವಲ್ಪ ಜರಿಯಿತು. ಅಷ್ಟೇ. ನನ್ನ ತವರು ಕಳಚೆಯಲ್ಲಿ ಏನಾಗಿದೆ ಎನ್ನುವುದು ನಮಗೆ ಗೊತ್ತೇ ಇರಲಿಲ್ಲ.

ಮೂರನೇ ದಿನ ಮಧ್ಯಾಹ್ನ ತಮ್ಮ ಬಂದ. ರಸ್ತೆ ಕುಸಿದಿದ್ದರಿಂದ ಗುಡ್ಡ ಬಳಸಿ, ಬಹಳ ದೂರ ನಡೆದೇ ಬಂದಿದ್ದ. ಮೊಣಕಾಲಿನವರೆಗೆ ಕೆಂಪು ಮಣ್ಣು. ಮನೆಯವರನ್ನೆಲ್ಲ ವಜ್ರಳ್ಳಿಯ ನೆಂಟರಲ್ಲಿ ಬಿಟ್ಟು, ಅಕ್ಕನಿಗೆ ಸುದ್ದಿ ಮುಟ್ಟಿಸಲು ಬಂದವನು. ಜಗಲಿಯ ಮೇಲೆ ಕೂತು, ಆಸ್ರಿಗೆ ಕೊಡುವ ಮೊದಲೇ, “ಅಕ್ಕಾ, ತೋಟ ಹೋತು” ಎಂದ. ಕಳಚೆಯಲ್ಲಿ ಗುಡ್ಡಗಳೇ ಜಾರಿ ಎಷ್ಟೋ ಮನೆಯವರ ತೋಟ ಮಣ್ಣಿನಡಿ ಸೇರಿತ್ತು. ನಮ್ಮ ಅಪ್ಪ ನೆಟ್ಟ ಮರಗಳೂ ಅದರಲ್ಲಿ ಹೋಗಿದ್ದವು.

ಆವತ್ತು ಸಂಜೆ ನಾನೊಂದು ತಪ್ಪು ಮಾಡಿದೆ. ದೇವರ ಮುಂದೆ ದೀಪ ಹಚ್ಚಿ, ದಿನದ ರೂಢಿಯಲ್ಲಿ ಗಟ್ಟಿಯಾಗಿಯೇ ಹೇಳಿಬಿಟ್ಟೆ: “ನಮ್ಮನ್ನ ಉಳಿಸಿದೆಯಲ್ಲ ಗಣಪತೀ, ಅಷ್ಟು ಸಾಕು.” ತಿರುಗಿದರೆ ತಮ್ಮ ಕಾಲು ತೊಳೆದು ಬಂದು ಬಾಗಿಲಲ್ಲೇ ನಿಂತಿದ್ದಾನೆ. ಪುಟ್ಟಿ ಬಿಡಬೇಕೇ? “ಹಂಗಾದ್ರೆ ಕಳಚೆ ಅಜ್ಜನ ತೋಟ ದೇವರು ಯಾಕೆ ಉಳಿಸಲಿಲ್ಲ ಅಮ್ಮಮ್ಮಾ?”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಮ್ಮನೇ ಮುಂದೆ ಬಂದು, “ಬತ್ತಿ ಸಣ್ಣ ಮಾಡಕ್ಕ, ಗಾಳಿಗೆ ಆರ್ತು” ಎಂದು ತಾನೇ ಬತ್ತಿ ಸರಿ ಮಾಡಿದ. ಆ ಪ್ರಶ್ನೆಗೆ ಆವತ್ತು ಯಾರೂ ಉತ್ತರ ಕೊಡಲಿಲ್ಲ. ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಪ್ರಾರ್ಥನೆಯನ್ನು ಆಮೇಲೆ ನಾನು ಹೇಳಿಲ್ಲ. ಬೇರೆಯವರದು ಹೋಯಿತು, ನಮ್ಮದು ಉಳಿಯಿತು ಎಂದು ಕೈಮುಗಿಯುವುದು ದೇವರಿಗೆ ಹೇಗೆ ಕೇಳುತ್ತದೋ ಗೊತ್ತಿಲ್ಲ, ಬಾಗಿಲಲ್ಲಿ ನಿಂತ ತಮ್ಮನಿಗೆ ಹೇಗೆ ಕೇಳಿತೆಂದು ಗೊತ್ತು.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಅವನ ಹಾಸಿಗೆ ಖಾಲಿ. ಎಲ್ಲರಿಗೂ ಗಾಬರಿ. ಹುಡುಕಿದರೆ ನಮ್ಮ ತೋಟದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಬಸಿಗಾಲುವೆಯ ಮಣ್ಣು ಎತ್ತುತ್ತಿದ್ದಾನೆ. ನೀರು ನಿಂತರೆ ಅಡಕೆ ಮರದ ಬೇರು ಕೊಳೆಯುತ್ತದೆ, ಅದು ತೋಟದವರಿಗೆ ಯಾರೂ ಹೇಳಿಕೊಡಬೇಕಿಲ್ಲ. “ನಿನಗೆಂತಕ್ಕೋ ಭಾವ ಇದೆಲ್ಲ, ಸುಧಾರಿಸಿಕೊ” ಎಂದರು ಇವರು. “ಕೈ ಸುಮ್ನೆ ಇರ್ತಿಲ್ಲೆ ಭಾವ” ಎಂದ. ಇವರು ಒಳಗೆ ಹೋಗಿ ಇನ್ನೊಂದು ಗುದ್ದಲಿ ತಂದರು. ಮಧ್ಯಾಹ್ನದವರೆಗೆ ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿದರು.

ರಾತ್ರಿ ಚಿಮಣಿ ಬೆಳಕಿನಲ್ಲಿ ಒಲೆಯ ಮುಂದೆ ಕೂತು ಹಲಸಿನ ಬೇಳೆ ಸುಟ್ಟು ತಿನ್ನುತ್ತಿದ್ದೆವು. ಪುಟ್ಟಿ ಪುಸ್ತಕ ತಂದು ತನ್ನ ಪಟ್ಟಿ ಓದಿದಳು, ನನ್ನದನ್ನೂ ಓದಿದಳು. “ಅಮ್ಮಮ್ಮಂಗೆ ಐದನೇದು ಇಲ್ವಂತೆ ಅಜ್ಜ.”

ತಮ್ಮ ಬೇಳೆಯ ಸಿಪ್ಪೆ ಸುಲಿಯುತ್ತ ಹೇಳಿದ: “ಕೇಳು ಕೂಸೇ. ಶಾಲೆಗೆ ಹೋಪಲೆ ಹಳ್ಳಕ್ಕೆ ಅಡಕೆ ದಬ್ಬೆಯ ಸಂಕ ಹಾಕಿರ್ತಿದ್ದ. ಮಳೆಗಾಲದಲ್ಲಿ ನೀರು ಸಂಕಕ್ಕೆ ಬಡಿತಿತ್ತು. ನಾ ಒಂದನೇತ್ತೆ, ನಿನ್ನ ಅಮ್ಮಮ್ಮ ನಾಲ್ಕನೇತ್ತೆ, ನಿನ್ನಷ್ಟೇ ಇದ್ದಳು. ದಿನಾ ನನ್ನ ಬೆನ್ನ ಮೇಲೆ ಹೊತ್ತು ದಾಟಿಸ್ತಿದ್ದಳು. ನಾ ಹೆದರಿ ಕೂಗಿದರೆ, ಕೆಳಗೆ ನೋಡಡ, ಎರಡರ ಮಗ್ಗಿ ಹೇಳು, ಮುಗಿಯೋದ್ರೊಳಗೆ ಆಚೆ ದಡ ಅಂತಿದ್ದಳು.”

ನನಗೆ ಸಂಕ ನೆನಪಿತ್ತು. ಮಗ್ಗಿ ಪೂರ್ತಿ ಮರೆತುಹೋಗಿತ್ತು.

ಅವನು ಸ್ವಲ್ಪ ಹೊತ್ತು ಬೆಂಕಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ಆವತ್ತು ರಾತ್ರಿ ಗುಡ್ಡದ ಶಬ್ದ ಕೇಳಿ ಎಲ್ಲ ಮನೆ ಬಿಟ್ಟು ಓಡಿದ್ಯ. ಮೊಮ್ಮಗನ್ನ ನಾನೇ ಬೆನ್ನಿಗೆ ಹಾಕ್ಯಂಡಿದ್ದೆ. ಮಾಣಿ ಒಂದೇ ಸಮ ಕೂಗ್ತಿದ್ದ. ಎರಡರ ಮಗ್ಗಿ ಹೇಳಿಸಿದೆ ಅಕ್ಕಾ” ಎಂದ.

ನಾನು ಹಾಲು ನೋಡುವ ನೆಪದಲ್ಲಿ ಎದ್ದು ಹೋದೆ. ಹಾಲು ಆಗಲೇ ಇಳಿಸಿಟ್ಟಿದ್ದೆ. ತಿರುಗಿ ಬರುವಷ್ಟರಲ್ಲಿ ಪುಟ್ಟಿ ನನ್ನ ಐದನೇ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ‘ಎರಡರ ಮಗ್ಗಿ’ ಎಂದು ಬರೆದಿದ್ದಳು. ತನ್ನ ಐದನೆಯದಕ್ಕೆ ಇನ್ನೂ ಜಾಗ ಬಿಟ್ಟುಕೊಂಡಿದ್ದಳು.

ನಾಲ್ಕು ದಿನ ಬಿಟ್ಟು ತಮ್ಮ ಹೊರಟ. ಹೊರಡುವ ಮೊದಲು ನಮ್ಮ ಮಡಿಯಲ್ಲಿದ್ದ ಅಡಕೆ ಸಸಿಗಳನ್ನು ನೋಡುತ್ತ ನಿಂತ. “ಮಳೆ ಬಿಟ್ಟ ಮೇಲೆ ಒಂದಿಷ್ಟು ಒಯ್ಯಲಕ್ಕಾ?” ಎಂದು ಕೇಳಿದ. ಎಲ್ಲಿ ನೆಡುತ್ತಾನೆ, ನೆಲ ಎಲ್ಲಿದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನೆಟ್ಟರೂ ಫಸಲು ಕಾಣಲು ಐದಾರು ವರ್ಷವಾದರೂ ಬೇಕು. ಇವರು, “ಎಷ್ಟು ಬೇಕೋ ಅಷ್ಟು ಒಯ್ಯಿ ಭಾವ” ಎಂದರು. ಪುಟ್ಟಿ ಆಗಲೇ ಸಸಿ ಎಣಿಸಲು ಶುರು ಮಾಡಿದ್ದಳು, ಎರಡರ ಮಗ್ಗಿಯಲ್ಲಿ.

ತಮ್ಮ ಚಪ್ಪಲಿ ಮೆಟ್ಟುತ್ತಿದ್ದ. ಅವನಿಗೆ ಏನೋ ಹೇಳಬೇಕೆಂದು ಬಾಯಿ ತೆರೆದೆ.

“ಗಂಟೆ ಹನ್ನೊಂದಾತು” ಎಂದೆ, “ಉಂಡ್ಕಂಡೇ ಹೋಗು.”