ಅಮ್ಮನ ಫೋನಿಗೊಂದು ಯುಪಿಎಸ್ಸು

ಮಳೆಗಾಲ ಬಂತಂದ್ರೆ ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಕರೆಂಟಿಗೆ ರಜೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಅಮ್ಮನ ಫೋನು ನಡೆಯೋದೇ ವೈಫೈ ಮೇಲೆ. ಕರೆಂಟು ಹೋದ್ರೆ ಅದೂ ಹೋಯ್ತು. 72 ವರ್ಷ, ಒಬ್ಬಳೇ ಇರೋದು. ಬೆಂಗಳೂರಲ್ಲಿ ನಂಗೆ ನಿದ್ದೆ ಹತ್ತಲ್ಲ.

ಅಂಗಡಿಯವ 600 ವಿಎ ಯುಪಿಎಸ್ ತೋರಿಸಿ, "1000 ತಗೊಳ್ಳಿ ಸಾರ್, ಜಾಸ್ತಿ ಹೊತ್ತು ಬರುತ್ತೆ" ಅಂದ. ಇಲ್ಲೇ ನೋಡಿ ಎಲ್ರೂ ಎಡವೋದು! ವಿಎ ಅಂದ್ರೆ ಎಷ್ಟು ಭಾರ ಹೊರುತ್ತೆ ಅಂತ, ಎಷ್ಟು ಹೊತ್ತು ಅಂತಲ್ಲ. ಹೊತ್ತು ಬೇಕಂದ್ರೆ ಒಳಗಿನ ಬ್ಯಾಟರಿ ನೋಡ್ಬೇಕು. 12 ವೋಲ್ಟು, 7 ಆಂಪಿಯರ್-ಅವರ್ ಇದ್ರೆ 84 ವಾಟ್-ಅವರ್. ನಮ್ಮ ರೌಟರ್ ತಿನ್ನೋದು 10 ವಾಟ್. ಎಂಟು ಗಂಟೆ ಬರ್ಬೇಕಲ್ವಾ? ಬರಲ್ಲ ಮಾರಾಯ್ರೆ. 12 ವೋಲ್ಟನ್ನ 230ಕ್ಕೆ ಏರಿಸೋಕೆ ಯುಪಿಎಸ್ಸೇ ಒಂದು ಪಾಲು ತಿನ್ನುತ್ತೆ, ಅಡಾಪ್ಟರ್ ಅದನ್ನ ಮತ್ತೆ 12ಕ್ಕೇ ಇಳಿಸುತ್ತೆ!

ಇನ್ವರ್ಟರ್ ಹಾಕಿಸ್ಬಹುದಿತ್ತು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋರು ಯಾರು, ಅಮ್ಮನಾ?

ಕೊನೆಗೆ ರೌಟರಿಗೆ ನೇರ 12 ವೋಲ್ಟ್ ಕೊಡೋ ಪುಟ್ಟ ಲಿಥಿಯಂ ಡಬ್ಬಿ ತಗೊಂಡೆ. ವೋಲ್ಟು, ಪಿನ್ನು ಎರಡೂ ರೌಟರಿಗೆ ಹೊಂದಬೇಕು. ಮೇಲೆ 12000 ಎಂಎಎಚ್ ಅಂತ ದೊಡ್ಡಕ್ಷರದಲ್ಲಿದೆ, ಹಿಗ್ಗಬೇಡಿ, ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಅಂದ್ರೆ 44 ವಾಟ್-ಅವರ್.

ಈಗ ಹತ್ತಿರಹತ್ತಿರ ನಾಲ್ಕು ಗಂಟೆ ಬರ್ತಿದೆ. ಆದ್ರೆ ಫೈಬರಿನ ಆ ತುದೀಲೂ ಒಂದು ಪೆಟ್ಟಿಗೆ, ಅದಕ್ಕೂ ಒಂದು ಬ್ಯಾಟರಿ ಇರುತ್ತಲ್ಲ... ಅದು ಮಲಗಿದ್ರೆ ನಮ್ಮ ಡಬ್ಬಿ ಎಚ್ಚರ ಇದ್ದೂ ದಂಡ. ನಿಮ್ಮೂರಲ್ಲಿ ಅದು ಎಷ್ಟು ಹೊತ್ತು ತಡೆಯುತ್ತೆ?