ಮಾತಾಡ್ಕೋತ ಓಡ್ರಿ

ಬೆಳಿಗ್ಗೆ ಐದಕ್ಕೆ ಮಲಪ್ರಭಾ ಕಾಲುವೆ ದಂಡೆಯ ಮೇಲೆ ನಮ್ಮೂರ ಹುಡುಗರು ಓಡುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಸೈನ್ಯದ ಭರ್ತಿಯಲ್ಲಿ ಓಟಕ್ಕೆ ಪೂರ್ತಿ ಅಂಕ ಬೇಕೆಂದರೆ 5 ನಿಮಿಷ 30 ಸೆಕೆಂಡು. ಹಾಗಾಗಿ ಎಲ್ಲರ ಕಣ್ಣೂ ಮೊಬೈಲಿನ ಸ್ಟಾಪ್‌ವಾಚ್ ಮೇಲೆ. ದಿನಾ ಜೋರಾಗಿ ಓಡಿ, ಮೊಣಕಾಲ ಕೆಳಗಿನ ಎಲುಬು ನೋಯಿಸಿಕೊಂಡು ಮನೆಯಲ್ಲಿ ಕೂತವರು ಎಷ್ಟೋ ಮಂದಿ.

ನಾವು ಮೂವರೂ ಇದೇ ದಂಡೆಯಲ್ಲಿ ಓಡಿ, ಭರ್ತಿಯಲ್ಲಿ ಫೇಲಾದವರು. ಎರಡು ವರ್ಷದಿಂದ ಸಣ್ಣವರ ಜೊತೆ ಓಡುತ್ತಿದ್ದೇವೆ. ಈ ಕೆಲಸ ಹಚ್ಚಿದವರು ಊರಿನ ಮಿಲಿಟರಿ ಕಾಕಾ. ಮೊಣಕಾಲು ಹಿಡಿದಿರುವುದರಿಂದ ಅವರು ಸೈಕಲ್ ಮೇಲೆ ಬರುತ್ತಾರೆ. ವಾರಕ್ಕೆ ಎರಡೇ ದಿನ ಜೋರಿನ ಓಟ, ಉಳಿದ ದಿನ ಎಂಟು ಕಿಲೋಮೀಟರ್ ನಿಧಾನ.

“ಮಾತಾಡ್ಕೋತ ಓಡ್ರಿ. ಮಾತು ಕಡೀತಂದ್ರ ಜೋರಾತು ಅಂತ ತಿಳ್ಕೋರಿ” ಅನ್ನುತ್ತಾರೆ.

ಹುಡುಗರು ಮೊದಲು ನಕ್ಕರು. ಆದರೆ ದಮ್ಮು ಬೆಳೆಯುವುದು ಹೀಗೇ. ನಿಧಾನವಾಗಿ ಬಹಳ ದೂರ ಓಡಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿಯುತ್ತದೆ, ಎಲುಬಿಗೂ ಪೆಟ್ಟು ಕಡಿಮೆ.

ಆ ಮಾತಿನ ಇನ್ನೊಂದು ಉಪಯೋಗ ನಮಗೆ ಗೊತ್ತಾಗಿದ್ದು ಕಳೆದ ವರ್ಷ. ಅವನನ್ನು ಕೇಳಿಯೇ, ಹೆಸರು ಬಿಟ್ಟು ಬರೆಯುತ್ತಿದ್ದೇವೆ.

ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ ಭರ್ತಿಯಲ್ಲಿ ಎಂಟು ಸೆಕೆಂಡಿಗೆ ಸೋತ. ಆಮೇಲೆ ಹತ್ತು ದಿನ ದಂಡೆಯ ಕಡೆ ಬರಲಿಲ್ಲ. ಕಾಕಾ ನಮ್ಮನ್ನು ಕರೆದುಕೊಂಡು ಅವನ ಮನೆಗೆ ಹೋದರು. ಭರ್ತಿಯ ಸುದ್ದಿ ಎತ್ತಲೇ ಇಲ್ಲ. ಚಹಾ ಕುಡಿದು ಎದ್ದಾಗ, “ನಾಳೆ ಎಂಟು ಕಿಲೋಮೀಟರ್ ಐತಿ ತಮ್ಮಾ, ನಿಧಾನಕ್ಕ” ಅಂದರು ಅಷ್ಟೇ.

ಮರುದಿನ ಬಂದ. ಮೂರು ಕಿಲೋಮೀಟರ್ ಸುಮ್ಮನೆ ಓಡಿದ. ಆಮೇಲೆ ತಾನಾಗಿಯೇ ಬಾಯಿ ಬಿಟ್ಟ.

“ಅಪ್ಪ ಎಮ್ಮಿ ಕೊಟ್ಟು ಕೋಚಿಂಗ್ ಫೀ ಕಟ್ಟಿದ್ದ ಅಣ್ಣಾ. ಅವಂಗ ಮುಖ ತೋರ್ಸಾಕ ಆಗವಲ್ದು. ಎರಡು ಸಲ ರಾತ್ರಿ ಇದ ಕಾಲುವಿಗೆ ಬಂದು ನಿಂತಿದ್ದೆ.”

ನಮ್ಮ ಎದೆ ಧಸಕ್ಕೆಂದಿತು. ಆದರೂ ನಿಲ್ಲಲಿಲ್ಲ, ಇನ್ನಷ್ಟು ನಿಧಾನ ಮಾಡಿ ಅವನ ಮಾತು ಕೇಳಿದೆವು. ಎದುರುಬದುರು ಕೂತಿದ್ದರೆ ಇದನ್ನು ಅವನು ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಓಡುವಾಗ ಯಾರೂ ಯಾರ ಮುಖ ನೋಡುವುದಿಲ್ಲ.

ಅವತ್ತು ಅವನನ್ನು ಒಬ್ಬನೇ ಬಿಡಲಿಲ್ಲ. ಜೊತೆಗೆ ಕೂತು 14416ಕ್ಕೆ ಫೋನ್ ಹಚ್ಚಿದೆವು. ಅದು ಸರ್ಕಾರದ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಕಾಕಾ ಅವನ ಅಪ್ಪನ ಹತ್ತಿರ ಹೋದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಎಮ್ಮಿ ಚಿಂತಿ ಅವಂಗ್ಯಾಕ ಬೇಕಿತ್ತು?” ಅಂದರಂತೆ.

ನಮಗೆ ಕೋಚಿಂಗ್ ಬರುವುದಿಲ್ಲ, ಹುಡುಗರಿಗೆ ಏನು ಹೇಳಿಕೊಡೋಣ ಎಂದು ನೀವು ಕೇಳಬಹುದು. ಕೀನ್ಯಾದ ಇಟೆನ್ ಊರಿನ ಶಾಲೆಗೆ 1976ರಲ್ಲಿ ಐರ್ಲೆಂಡಿನಿಂದ ಭೂಗೋಳದ ಮೇಷ್ಟ್ರಾಗಿ ಬಂದ ಬ್ರದರ್ ಕಾಲ್ಮ್ ಓಕಾನೆಲ್ ಅವರಿಗೂ ಓಟದ ತರಬೇತಿ ಗೊತ್ತಿರಲಿಲ್ಲ. ಹುಡುಗರ ಜೊತೆ ಇದ್ದು, ನೋಡಿ ನೋಡಿ ಕಲಿತರು. ಅವರ ಶಿಷ್ಯ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು.

ನಮ್ಮ ಹುಡುಗ ಇನ್ನೂ ಪಾಸಾಗಿಲ್ಲ. ಮುಂದಿನ ಭರ್ತಿಗೆ ತಯಾರಿ ನಡೆಸಿದ್ದಾನೆ. ನಿಧಾನದ ದಿನಗಳಲ್ಲಿ ಎಲ್ಲರಿಗಿಂತ ಹಿಂದೆ, ಎಂಟನೇ ಕ್ಲಾಸಿನ ಹುಡುಗರ ಪಕ್ಕ ಓಡುತ್ತಾನೆ. ಅವರಲ್ಲಿ ಯಾರಾದರೂ ಸುಮ್ಮನಾದರೆ, “ಯಾಕೋ ತಮ್ಮಾ, ಮಾತಾಡವಲ್ಲಿ?” ಅಂತ ಮೊದಲು ಕೇಳುವವನು ಅವನೇ.